ಗಣಿ ಆಫೀಸಿನಲ್ಲಿ ತೋರಿಸಿದ ಪುಟ

ಯಶವಂತನಗರದ ಹತ್ತಿರದ ಒಂದು ಗಣಿ ಆಫೀಸಿಗೆ ನಾನು ಮೊಬೈಲ್ ಫೋನುಗಳನ್ನು ಮಾರಿದ್ದು ಸುಳ್ಳು ತೋರಿಸಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈಗ ಬರೆಯಲು ಕೂತದ್ದು ಆ ಸುಳ್ಳಿಗಾಗಿ ಅಲ್ಲ, ಅದನ್ನು ಮುಚ್ಚಲು ಆಮೇಲೆ ಆಡಿದ ಇನ್ನೊಂದು ಮಾತಿಗಾಗಿ.

ಅದಿರಿನ ಕಾಲ ಅದು. ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯ ಮೊಬೈಲ್ ಅಂಗಡಿಯಲ್ಲಿ ನಾನು ಮಾರಾಟಕ್ಕಿದ್ದೆ. ಕೈಯಲ್ಲಿ ದುಡ್ಡು ಆಡುತ್ತಿದ್ದವರೆಲ್ಲ ಇಂಟರ್ನೆಟ್ ಇರುವ ಫೋನು ಕೇಳಿಕೊಂಡು ಬರುತ್ತಿದ್ದರು. ಕಂಪ್ಯೂಟರಿನಲ್ಲಿ ಕಾಣುವ ಹಾಗೆ ಇದರಲ್ಲೂ ಕಾಣುತ್ತದೋ ಎಂಬುದು ಅವರ ಮೊದಲ ಪ್ರಶ್ನೆ. ನಿಜ ಹೇಳಬೇಕೆಂದರೆ ಕಾಣುತ್ತಿರಲಿಲ್ಲ. ಎಲ್ಲರೂ ನೋಡುವ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಕಂಪ್ಯೂಟರಿನ ಅಗಲಕ್ಕೆಂದೇ ಮಾಡಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ನಮ್ಮ ಪರದೆಯಲ್ಲಿ ತೆರೆದರೆ ಎಡಗಡೆಯ ಒಂದು ಪಟ್ಟಿ ಮಾತ್ರ ಬಂದು, ಉಳಿದದ್ದು ಬಲಗಡೆ ಎಲ್ಲೋ ಉಳಿಯುತ್ತಿತ್ತು. ರೈಲ್ವೆಯ ಪುಟದಲ್ಲಿ ಕೋಷ್ಟಕ ಮುರಿದು ಸಂಖ್ಯೆಗಳೆಲ್ಲ ಒಂದರ ಕೆಳಗೊಂದು ಬೀಳುತ್ತಿದ್ದವು. ಯಾವ ಸಂಖ್ಯೆ ಯಾವ ತಲೆಬರಹದ್ದೋ ತಿಳಿಯುತ್ತಿರಲಿಲ್ಲ. ಕನ್ನಡ ಪತ್ರಿಕೆಯ ಪುಟವಂತೂ ಸಾಲುಸಾಲು ಖಾಲಿ ಚೌಕ.

ಇದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಸೈಬರ್ ಸೆಂಟರಿನಲ್ಲಿ ಕೂತು ಆ ಪುಟಗಳನ್ನು ತೆರೆದು, ಪರದೆಯನ್ನು ಹಾಗೆಯೇ ಚಿತ್ರವಾಗಿ ಇಳಿಸಿಕೊಂಡು, ಫೋನಿನ ಅಗಲಕ್ಕೆ ಕುಗ್ಗಿಸಿ ಮೆಮೊರಿ ಕಾರ್ಡಿಗೆ ಹಾಕಿಕೊಂಡೆ. ಪತ್ರಿಕೆಯ ಹೆಸರಿನ ಕೆಳಗಿದ್ದ ತಾರೀಖಿನ ಸಾಲನ್ನು ಕತ್ತರಿಸಿ ತೆಗೆದೆ. ತೋರಿಸುವ ಫೋನಿನ ಪಕ್ಕದ ಗುಂಡಿಯನ್ನು ಒತ್ತಿದರೆ ನೇರವಾಗಿ ಆ ಚಿತ್ರಗಳೇ ಬರುವಂತೆ ಇಟ್ಟೆ. ಗಿರಾಕಿಯ ಮುಂದೆ ಇಂಟರ್ನೆಟ್ ಗುರುತನ್ನು ಒತ್ತುತ್ತಿದ್ದೆ. ಅದು ಸಂಪರ್ಕಿಸುತ್ತಿದೆ ಎಂದು ತೋರಿಸುವಾಗ ಏನಾದರೂ ಮಾತಾಡಿಸಿ, ಹೆಬ್ಬೆರಳಿನಿಂದ ಪಕ್ಕದ ಗುಂಡಿ ಒತ್ತುತ್ತಿದ್ದೆ. ಪುಟ ಪೂರ್ತಿಯಾಗಿ, ಬಣ್ಣ ಸಮೇತ, ಕನ್ನಡ ಅಕ್ಷರ ಸಮೇತ ಎದ್ದು ಬರುತ್ತಿತ್ತು.

ಗಣಿ ಆಫೀಸಿನ ಸ್ಟೋರ್ ಕೀಪರಿಗೂ ಹೀಗೆಯೇ ತೋರಿಸಿದೆ. ಅವನು ಚೋರನೂರಿನ ಕಡೆಯವನು, ಮೂವತ್ತರ ಆಸುಪಾಸು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಲಾರಿ ಬಿಡುವ ಸೂಪರ್‌ವೈಸರುಗಳಿಗೆ ಗುಡ್ಡದ ಮೇಲೆಯೇ ಅದಿರು ಒಯ್ಯುವ ರೈಲು ರೇಕುಗಳ ಸ್ಥಿತಿ, ಆಫೀಸಿನ ಇ-ಮೇಲು, ಬಂದ್ ಮತ್ತು ರಸ್ತೆ ತಡೆಯ ಸುದ್ದಿ ಸಿಗಬೇಕು ಎಂದು ಆಫೀಸಿನಲ್ಲಿ ಮಾತಿತ್ತು. ಇಂಗ್ಲಿಷ್ ಪತ್ರಿಕೆ ಕೊಟ್ಟರೆ ಅವರಲ್ಲಿ ಅರ್ಧ ಜನಕ್ಕೆ ಉಪಯೋಗವಿಲ್ಲ. ನಾನು ತೋರಿಸಿದ ಕನ್ನಡ ಪುಟ ನೋಡಿ ಅವನು ಖುಷಿಯಾಗಿ, ಮ್ಯಾನೇಜರು ಊರಲ್ಲಿಲ್ಲದಾಗ ತನ್ನ ಹೊಣೆಯ ಮೇಲೆಯೇ ಫೋನುಗಳನ್ನು ತರಿಸಿ ಹಂಚಿಬಿಟ್ಟ.

ವಾರದೊಳಗೆ ಅವನ ಕರೆ ಬಂತು. ಯಾರ ಫೋನಿನಲ್ಲೂ ಒಂದು ಪುಟವೂ ನೆಟ್ಟಗೆ ಕಾಣುತ್ತಿಲ್ಲವಂತೆ. ಮ್ಯಾನೇಜರು ವಾಪಸು ಬಂದು, ಶನಿವಾರ ತನ್ನೆದುರು ಪತ್ರಿಕೆ, ರೈಲ್ವೆ, ಇ-ಮೇಲು ಮೂರೂ ಸೈಟು ತೆರೆದು ತೋರಿಸಬೇಕು, ಇಲ್ಲದಿದ್ದರೆ ತರಿಸಿದವನು ಮನೆಗೆ ಹೋಗಬಹುದು ಎಂದಿದ್ದರಂತೆ. ಅವನ ಕುರ್ಚಿಗೆ ಮ್ಯಾನೇಜರ ಕಡೆಯ ಹುಡುಗನೊಬ್ಬ ಆಗಲೇ ಕಾದಿದ್ದನಂತೆ.

"ನಿಮ್ಮ ಫೋನಿನಾಗ ಎಷ್ಟ್ ಚೆಂದ ಬಂದಿತ್ತಲ್ಲಣ್ಣ," ಎಂದ. "ನಮ್ಮವಕ್ಕ ಅದೇನ್ ಸೆಟ್ಟಿಂಗ್ ಮಾಡ್ಬೇಕೋ ಬಂದು ಮಾಡಿಕೊಟ್ಟು ಹೋಗ್ರಿ."

ಅವನ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ. ನಾಳೆಯೇ ಬರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿ, ಅಲ್ಲಿಂದ ಕಂಪನಿ ಬಸ್ಸಿನಲ್ಲಿ ಯಶವಂತನಗರಕ್ಕೆ ಹೋದೆ. ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಪಕ್ಕದ ಕೋಣೆಯಲ್ಲಿ ಸೂಪರ್‌ವೈಸರುಗಳು ಸೇರಿದ್ದರು. ಹೊಸ ಫೋನುಗಳ ಗುಂಡಿಗಳ ಸಂದಿಯಲ್ಲೆಲ್ಲ ಆಗಲೇ ಕೆಂಪು ಧೂಳು ಕೂತಿತ್ತು. ಅವರಲ್ಲಿ ಹಿರಿಯನೊಬ್ಬ ತನ್ನ ಫೋನು ನನ್ನ ಮುಂದಿಟ್ಟು, ಪರದೆಯ ಚೌಕಗಳನ್ನು ತೋರಿಸಿ, "ನೋಡ್ರಿ ಯಜಮಾನ್ರ, ಬರೇ ಡಬ್ಬಿ. ಒಳಗ ಏನೈತೆ ಅಂತ ಬಿಚ್ಚಿ ನೋಡೋಣ ಅಂದ್ರ ಮುಚ್ಚಳಾನ ಇಲ್ಲ," ಎಂದ. ಎಲ್ಲರೂ ನಕ್ಕರು. ಸ್ಟೋರ್ ಕೀಪರ್ ಮಾತ್ರ ನಗಲಿಲ್ಲ. ನನಗೆ ಸ್ಟೂಲು ತಂದುಕೊಟ್ಟು, ಚಹ ತರಿಸಿ, ಪಕ್ಕದಲ್ಲೇ ನಿಂತ.

ಮೊದಲು ಸಂಪರ್ಕದ ಸೆಟ್ಟಿಂಗುಗಳನ್ನು ಅಳಿಸಿ ಹೊಸದಾಗಿ ಹಾಕಿದೆ. ಸಿಮ್ ಕಂಪನಿಗೆ ಸಂದೇಶ ಕಳಿಸಿದರೆ ಅವರಿಂದ ಸೆಟ್ಟಿಂಗ್ ಸಂದೇಶ ಬರುತ್ತದೆ, ಅದನ್ನು ಉಳಿಸಿ ಫೋನನ್ನು ಆರಿಸಿ ಮತ್ತೆ ಹಚ್ಚಬೇಕು. ಸಂಪರ್ಕ ಸಿಕ್ಕಿತು, ಪುಟ ಸಿಗಲಿಲ್ಲ. ಚಿತ್ರಗಳು ಬರದಂತೆ ನಿಲ್ಲಿಸಿ ನೋಡಿದೆ. ಪತ್ರಿಕೆಯ ಪುಟ ಅರ್ಧ ಇಳಿದು, ಮೆಮೊರಿ ಸಾಲದು ಎಂದು ನಿಂತಿತು. ಉಳಿಸಿಟ್ಟ ಹಳೆಯ ಪುಟಗಳನ್ನೆಲ್ಲ ಅಳಿಸಿ ಮತ್ತೆ ತೆರೆದರೆ ಪೂರ್ತಿ ಬಂತು, ಚೌಕಗಳಾಗಿ ಬಂತು. ರೈಲ್ವೆಯ ಕೋಷ್ಟಕ ಹಳೆಯ ಹಾಗೆಯೇ ಉರುಳಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಗಳು ಖಾಲಿ. ಇದು ಆಗುವ ಕೆಲಸವಲ್ಲ, ಫೋನಿನಲ್ಲೇ ಕನ್ನಡ ಅಕ್ಷರ ಇಲ್ಲ, ಎಲ್ಲಿಂದ ತೋರಿಸೀತು ಎಂದು ನನಗೆ ಗೊತ್ತಾಗಿತ್ತು. ಹೇಳುವ ಧೈರ್ಯವಾಗಲಿಲ್ಲ. ಅಂಗಡಿಯಲ್ಲಿ ಬೇರೆ ಸಾಫ್ಟ್‌ವೇರ್ ಇದೆ, ತರುತ್ತೇನೆ ಎಂದು ಹೇಳಿ ಇಳಿದು ಬಂದೆ.

ಅಂಗಡಿಯಲ್ಲಿ ಏನೂ ಇರಲಿಲ್ಲ. ಮಾಲೀಕರಿಗೆ ವಿಷಯ ತಿಳಿಸಿದಾಗ, ಮಾರಿದ ಮಾಲು ಮಾರಿದ್ದೇ, ನೀನು ಏನು ತೋರಿಸಿದಿಯೋ ಅದು ನಿನಗೇ ಗೊತ್ತು ಎಂದರು. ಚಿತ್ರದ ಉಪಾಯ ಅವರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

ದಿಕ್ಕು ತೋರಿದ್ದು ಕಂಪ್ಲಿಯ ಒಬ್ಬ ರೈಸ್ ಮಿಲ್ ಸಾಹುಕಾರರು. ಚಾರ್ಜರ್ ಕೆಟ್ಟಿದೆಯೆಂದು ಅಂಗಡಿಗೆ ಫೋನ್ ಮಾಡಿದ್ದವರು ಮಾತಿನ ನಡುವೆ, ಈಚೆಗೆ ಮಿಲ್ಲಿನ ಅಂಗಳದಲ್ಲೇ ಕೂತು ಫೋನಿನಲ್ಲಿ ಕನ್ನಡ ಪೇಪರ್ ಓದುತ್ತೇನೆ ಎಂದರು. ಅದೂ ನಾನೇ ಮಾರಿದ ಫೋನು, ಗಣಿಗೆ ಕೊಟ್ಟ ಮಾದರಿಯೇ. ಸುಳ್ಳು ಹೇಳುತ್ತಾರೆ ಅನ್ನಿಸಿತು. ಆದರೂ ಸಿಕ್ಕ ಬಸ್ಸು ಹತ್ತಿ ಕಂಪ್ಲಿಗೆ ಹೋದೆ.

ಸಾಹುಕಾರರು ಬತ್ತ ಹರವಿದ್ದ ಕಣದ ಅಂಚಿನಲ್ಲಿ, ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದರು. ಫೋನು ಕೈಗೆ ಕೊಟ್ಟರು. ಅಕ್ಷರಗಳು ಸಣ್ಣಗಿದ್ದರೂ ಕನ್ನಡವೇ. ನಾನು ಬೆರಗಾಗಿ ನೋಡುತ್ತಿದ್ದದ್ದನ್ನು ಕಂಡು ಅವರಿಗೆ ಒಳ್ಳೆ ಮಜಾ ಸಿಕ್ಕಿತು.

"ಮಾರೋನಿಗೇ ಗೊತ್ತಿಲ್ಲ, ಕೊಂಡೋನು ಕಲಿಸ್ಬೇಕು. ಏನ್ ವ್ಯಾಪಾರನೋ ಮಾರಾಯ ನಿಂದು."

ಹುಬ್ಬಳ್ಳಿಯಿಂದ ಬಂದಿದ್ದ ಅವರ ಅಳಿಯ ಬೇರೊಂದು ಬ್ರೌಸರ್ ಹಾಕಿಕೊಟ್ಟಿದ್ದ. ಅದು ಪುಟವನ್ನು ನೇರವಾಗಿ ಫೋನಿಗೆ ತರುವುದಿಲ್ಲ. ಎಲ್ಲೋ ದೂರದ ಕಂಪ್ಯೂಟರ್ ಪುಟವನ್ನು ತಾನು ತೆರೆದು, ಹಗುರ ಮಾಡಿ, ಫೋನಿಗೆ ಕಳಿಸುತ್ತದೆ. ವಿಳಾಸದ ಜಾಗದಲ್ಲಿ ಒಂದು ಪದ ಹೊಡೆದರೆ ಅದರ ಒಳಗಿನ ಸೆಟ್ಟಿಂಗುಗಳ ಪುಟ ಬರುತ್ತದೆ, ಅದರ ತಳದಲ್ಲಿ ಒಂದು ಸಾಲು: ಫೋನಿಗೆ ಬಾರದ ಲಿಪಿಗಳನ್ನು ಚಿತ್ರವಾಗಿ ಕಳಿಸಬೇಕೇ ಎಂದು. ಅದಕ್ಕೆ ಹೌದು ಎಂದರೆ ಕನ್ನಡ ಪದಗಳೆಲ್ಲ ಸಣ್ಣ ಸಣ್ಣ ಚಿತ್ರಗಳಾಗಿ ಬಂದು ಸಾಲಾಗಿ ಕೂರುತ್ತವೆ. ನಾನು ಮೋಸಕ್ಕೆ ಮಾಡಿದ್ದನ್ನು ಯಾರೋ ಪ್ರಾಮಾಣಿಕವಾಗಿ ಮಾಡಿದ್ದರು. ಪ್ರತಿ ಸಲವೂ ಆ ಹೊತ್ತಿನ ಪುಟವನ್ನೇ.

ಎಲ್ಲ ಪತ್ರಿಕೆಗಳಿಗೂ ಅದು ನಡೆಯುತ್ತಿರಲಿಲ್ಲ. ಕೆಲವರು ತಮ್ಮದೇ ಅಕ್ಷರದಲ್ಲಿ ಪುಟ ಮಾಡುತ್ತಿದ್ದರು, ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಬರುತ್ತಿದ್ದವು. ಒಂದು ಪತ್ರಿಕೆ ಸರಿಯಾಗಿ ಬಂತು, ನನಗೆ ಅಷ್ಟು ಸಾಕಿತ್ತು. ರೈಲ್ವೆಯ ಕೋಷ್ಟಕಕ್ಕೆ ಒಂದೇ ಪಟ್ಟಿಯಾಗಿ ತೋರಿಸುವುದನ್ನು ನಿಲ್ಲಿಸಿ, ಪೂರ್ತಿ ಪುಟ ನಕಾಶೆಯ ಹಾಗೆ ಸಣ್ಣದಾಗಿ ಬರುವಂತೆ ಮಾಡಿದೆ. ಬೇಕಾದ ಕಡೆ ಬಾಣವನ್ನು ಒಯ್ದು ಒತ್ತಿದರೆ ಆ ಭಾಗ ದೊಡ್ಡದಾಗುತ್ತಿತ್ತು, ತಲೆಬರಹವೂ ಸಂಖ್ಯೆಯೂ ಒಟ್ಟಿಗೆ ಕಾಣುತ್ತಿದ್ದವು. ಇ-ಮೇಲಿಗೆ ಅದರದೇ ಒಂದು ಹಗುರ ರೂಪ ಇತ್ತು. ಸಾಹುಕಾರರ ಫೋನಿನಿಂದ ಆ ಬ್ರೌಸರನ್ನು ನನ್ನ ಕಾರ್ಡಿಗೆ ನಕಲು ಮಾಡಿಕೊಂಡು ಎದ್ದಾಗ, ಮಜ್ಜಿಗೆ ಕುಡಿಯದೆ ಹೋಗಬ್ಯಾಡ ಎಂದು ಅವರು ಗದರಿ ಕೂರಿಸಿದರು.

ಕಂಪ್ಲಿಯಲ್ಲಿ ಸಿಗ್ನಲ್ ಚೆನ್ನಾಗಿತ್ತು, ಗುಡ್ಡದ ಮೇಲೆ ಹಾಗಿರಲಿಲ್ಲ. ವಾಪಸು ಬರುವಾಗ ಕಮಲಾಪುರದಲ್ಲಿ ಇಳಿದು, ಆಟೋ ಹಿಡಿದು ಹಂಪಿಗೆ ಹೋದೆ. ಅಲ್ಲಿಯ ಬಂಡೆಗಳ ನಡುವೆ ಸಿಗ್ನಲ್ ಗಣಿಗಿಂತಲೂ ಕಡೆ. ಅಲ್ಲಿ ತೆರೆದರೆ ಎಲ್ಲಿಯೂ ತೆರೆದೀತು ಎಂಬ ಲೆಕ್ಕ. ಬಂಡೆಯ ಮಗ್ಗುಲಿಗೆ ನಿಂತು, ಕೈ ಮೇಲೆತ್ತಿ, ಕೂತು, ತಿರುಗಿ, ಪುಟ ತೆರೆಯುತ್ತಿದ್ದೆ. ಬಾಳೆಹಣ್ಣು ಮಾರುವ ಮುದುಕಿ ಬಹಳ ಹೊತ್ತು ನೋಡಿ, "ದೇವ್ರ ಗುಡಿ ಆ ಕಡಿ ಐತಪ್ಪ," ಎಂದಳು. ಪುಟ ನಿಧಾನವಾಗಿ ಬರುತ್ತಿತ್ತು. ಒಂದೊಂದು ಸಲ ನಿಂತೇ ಹೋಯಿತು ಅನ್ನಿಸುತ್ತಿತ್ತು. ಕಾದರೆ ಬರುತ್ತಿತ್ತು. ಕಾಯಬೇಕು, ಅಷ್ಟೇ. ಇದನ್ನು ನಾನು ನನ್ನ ಕಣ್ಣಾರೆ ಮತ್ತೆ ಮತ್ತೆ ಕಂಡೆ. ಆಮೇಲೆ ನಡೆದದ್ದಕ್ಕೆ ನನಗೆ ಯಾವ ನೆಪವೂ ಇಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಮತ್ತೆ ಗುಡ್ಡ ಹತ್ತಿದೆ. ಒಂದೊಂದು ಫೋನಿಗೂ ಬ್ರೌಸರ್ ಹಾಕಿದೆ. ಅದು ಇಂಟರ್ನೆಟ್ಟಿಗೆ ಹೋಗಲು ಪ್ರತಿ ಸಲವೂ ಅಪ್ಪಣೆ ಕೇಳುತ್ತಿತ್ತು, ಒಂದೇ ಸಲ ಕೇಳುವಂತೆ ಮಾಡಿದೆ. ಲಿಪಿಯ ಸಾಲಿಗೆ ಹೌದು ಎಂದು ಕೊಟ್ಟೆ. ಮೂರು ಸೈಟುಗಳನ್ನು ಮೊದಲ ಪುಟದಲ್ಲೇ ಕೂರಿಸಿದೆ. ಸ್ಟೋರ್ ಕೀಪರ್ ನೋಡಿ ಕಲಿತು, ಅರ್ಧ ಫೋನುಗಳನ್ನು ತಾನೇ ಮುಗಿಸಿದ. ಕೊನೆಗೆ ತನ್ನ ಫೋನಿನಲ್ಲಿ ಪತ್ರಿಕೆ ತೆರೆದು ಮೊದಲ ಸುದ್ದಿಯನ್ನು ಜೋರಾಗಿ ಓದಿದ. ಚೌಕದ ಬಗ್ಗೆ ತಮಾಷೆ ಮಾಡಿದ್ದ ಹಿರಿಯ ಸೂಪರ್‌ವೈಸರ್, ಈಗ ಡಬ್ಬಿ ಮುಚ್ಚಳ ತೆಗೀತು ಬಿಡು ಎಂದ. ಸ್ಟೋರ್ ಕೀಪರ್ ಅವತ್ತು ಮೊದಲ ಸಲ ನಕ್ಕ. ಇನ್ನ ನನ್ನ ಕೆಲಸ ಉಳೀತಣ್ಣ ಎಂದ.

ಶನಿವಾರ ಹೊರಡುವ ಮುಂಚೆ ಅಂಗಡಿಯಲ್ಲಿ ನನ್ನ ತೋರಿಸುವ ಫೋನಿಗೂ ಹೊಸ ಬ್ರೌಸರ್ ಹಾಕಿದೆ. ಹಳೆಯ ಚಿತ್ರಗಳನ್ನು ಅಳಿಸಲು ಹೋಗಿ, ಅಳಿಸಲಿಲ್ಲ. ಇರಲಿ, ಹೊಸದು ಕೈಕೊಟ್ಟರೆ ಕೈಗೊಂದು ಕೋಲು ಎಂದುಕೊಂಡೆ.

ಮ್ಯಾನೇಜರ ಕೋಣೆ ತಗಡಿನ ಮಾಡಿನದು. ಅವರು ಆಂಧ್ರದ ಕಡೆಯವರು, ಮಾತು ಕಡಿಮೆ. ಮೇಜಿನ ಮೇಲೆ ಆಗತಾನೆ ಕಂಪನಿ ಬಸ್ಸಿನಲ್ಲಿ ಬಂದಿದ್ದ ಆ ದಿನದ ಕನ್ನಡ ಪತ್ರಿಕೆ ಇತ್ತು, ನಾವು ಫೋನಿನಲ್ಲಿ ತೆರೆಯುತ್ತಿದ್ದದ್ದೇ. ಸ್ಟೋರ್ ಕೀಪರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಮ್ಯಾನೇಜರು ನನಗೆ ಕೂರಲು ಹೇಳಲಿಲ್ಲ.

"ಪೇಪರ್ ತೆಗೀರಿ," ಎಂದರು.

ನಾನು ಒತ್ತಿದೆ. ಪರದೆಯ ತಳದಲ್ಲಿ ಪಟ್ಟಿ ಸ್ವಲ್ಪ ತುಂಬಿ ನಿಂತಿತು. ತಗಡಿನ ಕೆಳಗೆ ಸಿಗ್ನಲಿನ ಗೆರೆ ಕುಗ್ಗುತ್ತಿತ್ತು. ಹೊರಗೆ ಲಾರಿಯೊಂದು ಹಿಂದಕ್ಕೆ ಬರುತ್ತಾ ಹಾರ್ನ್ ಹೊಡೆಯುತ್ತಿತ್ತು. ಮ್ಯಾನೇಜರು ಪೆನ್ನನ್ನು ಮೇಜಿಗೆ ತಟ್ಟತೊಡಗಿದರು. ಹಂಪಿಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕಾದಿದ್ದೆ. ಅಲ್ಲಿ ಯಾರೂ ಪೆನ್ನು ತಟ್ಟುತ್ತಿರಲಿಲ್ಲ. ಸ್ಟೋರ್ ಕೀಪರನ ಕಡೆ ನೋಡಿದೆ, ಅವನು ತನ್ನ ಫೋನು ತೆಗೆದು ಏನೋ ಒತ್ತುತ್ತಿದ್ದ. ನನ್ನ ಹೆಬ್ಬೆರಳು ಪಕ್ಕದ ಗುಂಡಿಯ ಮೇಲಿತ್ತು. ಒತ್ತಿದೆ.

ಪುಟ ಬಂತು. ಮ್ಯಾನೇಜರು ಫೋನು ಕೈಗೆ ತೆಗೆದುಕೊಂಡು ತಲೆಯಾಡಿಸಿದರು. ಉಸಿರು ಬಿಟ್ಟೆ.

ಆಗಲೇ ಸ್ಟೋರ್ ಕೀಪರ್ ಮುಂದೆ ಬಂದು ತನ್ನ ಫೋನನ್ನು ಮೇಜಿನ ಮೇಲಿಟ್ಟ. "ಇಲ್ಲೂ ಬಂತ್ರಿ ಸಾರ್," ಎಂದ.

ಮ್ಯಾನೇಜರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟರು. ಒಂದೇ ಪತ್ರಿಕೆಯ ಹೆಸರು, ಕೆಳಗೆ ಬೇರೆ ಬೇರೆ ಸುದ್ದಿ. ನನ್ನದರಲ್ಲಿ, ಎಂದೋ ಮುಗಿದುಹೋದ ಲಾರಿ ಮುಷ್ಕರ ನಾಳೆಯಿಂದ ಶುರು ಎಂದಿತ್ತು. ಮೇಜಿನ ಮೇಲಿನ ಪತ್ರಿಕೆಯನ್ನು ಬಿಡಿಸಿ ನೋಡಿದರು. ಅವನ ಫೋನಿನಲ್ಲಿ ಇದ್ದದ್ದೇ ಅದರಲ್ಲೂ ಇತ್ತು.

"ಇದು ಇವತ್ತಿಂದು. ನಿಂದು ಯಾವತ್ತಿಂದು?" ಎಂದು ನನ್ನನ್ನು ಕೇಳಿದರು.

ಸ್ಟೋರ್ ಕೀಪರ್ ನನ್ನನ್ನೇ ನೋಡುತ್ತಿದ್ದ. ನನ್ನದು ಚಿತ್ರ, ಮೋಸ, ಅವನದು ನಿಜ, ಇಲ್ಲಿರುವ ಎಲ್ಲ ಫೋನುಗಳಲ್ಲೂ ಹಾಗೆಯೇ ಬರುತ್ತದೆ ಎಂದು ನಾನು ಹೇಳಿದ್ದರೆ ಮುಗಿಯುತ್ತಿತ್ತು. ನನ್ನನ್ನು ಹೊರಗೆ ಕಳಿಸುತ್ತಿದ್ದರು. ಅಂಗಡಿಯ ಕೆಲಸ ಹೋಗುತ್ತಿತ್ತು. ಅವನು ಉಳಿಯುತ್ತಿದ್ದ.

ನಾನು ಹೇಳಿದೆ: "ಅದು ಕ್ಯಾಶೆ ಸಾರ್. ಫೋನುಗಳು ಹಳೇ ಪುಟಾನ ಒಳಗ ಇಟ್ಕೊಂಡಿರ್ತಾವ. ಒಮ್ಮೊಮ್ಮೆ ಅದನ್ನ ತೋರಿಸ್ತಾವ."

"ಒಮ್ಮೊಮ್ಮೆ ಅಂದರೆ? ಎಲ್ಲ ಫೋನೂ?"

"ಎಲ್ಲಾನೂ ಸಾರ್."

ಮ್ಯಾನೇಜರು ಕುರ್ಚಿಗೆ ಒರಗಿದರು. ಹಾಗಾದರೆ ತಮ್ಮ ಸೂಪರ್‌ವೈಸರ್ ಯಾವಾಗಲೋ ಮುಗಿದ ಮುಷ್ಕರ ನೋಡಿ ಲಾರಿ ನಿಲ್ಲಿಸುತ್ತಾನೆ, ಹೋದ ವಾರದ ರೇಕು ನೋಡಿ ಲಾರಿ ಬಿಡುತ್ತಾನೆ, ಏನೂ ಕಾಣದ ಫೋನಿಗಿಂತ ಹಳೆಯದನ್ನು ಹೊಸದೆಂದು ತೋರಿಸುವ ಫೋನು ಅಪಾಯ ಎಂದು ಸಮಾಧಾನದಿಂದಲೇ ಹೇಳಿದರು. ರೈಲ್ವೆಯ ಪುಟವನ್ನೂ ಇ-ಮೇಲನ್ನೂ ತೆರೆಯಲು ಹೇಳಲೇ ಇಲ್ಲ. ಇವನ್ನು ತರಿಸಿದವರು ಯಾರು ಎಂದು, ಗೊತ್ತಿದ್ದೂ, ಕೇಳಿದರು.

"ನಾನ ಸಾರ್," ಎಂದ ಸ್ಟೋರ್ ಕೀಪರ್.

ಸಂಜೆಯೊಳಗೆ ಫೋನುಗಳನ್ನು ಎಲ್ಲರಿಂದ ವಾಪಸು ಪಡೆಯುವ ಕೆಲಸ ಅವನ ಮೇಲೇ ಬಿತ್ತು. ನಾನು ವೇಬ್ರಿಡ್ಜಿನ ಪಕ್ಕದ ಕೋಣೆಯ ಹೊರಗೆ ಕಂಪನಿ ಬಸ್ಸಿಗೆ ಕಾಯುತ್ತಿದ್ದೆ. ಅವನು ಒಂದೊಂದೇ ಫೋನಿನ ಧೂಳನ್ನು ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕುತ್ತಿದ್ದ. ಬಸ್ಸು ಬಂದಾಗ ಹುಷಾರಾಗಿ ಹೋಗ್ರಿ ಎಂದ. ಆ ತಿಂಗಳು ಮುಗಿಯುವ ಮುಂಚೆ ಅವನ ಕುರ್ಚಿಯಲ್ಲಿ ಮ್ಯಾನೇಜರ ಕಡೆಯ ಹುಡುಗ ಕೂತಿದ್ದ. ಡಬ್ಬಿಗಳು ಸ್ಟೋರಿನ ಮೂಲೆಯಲ್ಲೇ ಉಳಿದವು ಎಂದು ಕೇಳಿದೆ. ನನ್ನ ಕೆಲಸ ಉಳಿಯಿತು. ಚಿತ್ರಗಳನ್ನು ಅಳಿಸಿದೆ. ಆಮೇಲೆ ಯಾರಿಗೂ ಹಾಗೆ ತೋರಿಸಲಿಲ್ಲ, ಅದರಿಂದ ಅವನಿಗೆ ಏನೂ ಬರಲಿಲ್ಲ.

ಚೋರನೂರಿಗೆ ಹೋಗಲು ನಾನು ತೆಗೆದುಕೊಂಡ ಕಾಲ ಹೇಳಲು ನಾಚಿಕೆಯಾಗುತ್ತದೆ. ಆ ಹೊತ್ತಿಗೆ ಗಣಿಗಳೇ ನಿಂತುಹೋಗಿದ್ದವು. ವಿಚಾರಿಸಿಕೊಂಡು ಹೋದಾಗ, ಊರ ಮುಂದಿನ ಹಿಟ್ಟಿನ ಗಿರಣಿ ತೋರಿಸಿದರು. ಅವನದೇ ಗಿರಣಿ. ತಲೆ, ಹುಬ್ಬು ಎಲ್ಲ ಹಿಟ್ಟು. ನನ್ನನ್ನು ಗುರುತು ಹಿಡಿದು, ಬರ್ರಿ ಅಣ್ಣ ಎಂದ. ನಾನು ನಿಂತಲ್ಲೇ ಎಲ್ಲ ಹೇಳಿದೆ: ಚಿತ್ರಗಳ ವಿಷಯ, ಮೊದಲ ದಿನ ಅವನಿಗೆ ತೋರಿಸಿದ್ದೂ ಅದೇ, ಕ್ಯಾಶೆ ಎಂದದ್ದು ಸುಳ್ಳು. ಅವನು ಜಲ್ಲಡಿ ಹಿಡಿದುಕೊಂಡೇ ಕೇಳಿಸಿಕೊಂಡ.

"ಗೊತ್ತೈತಣ್ಣ," ಎಂದ. "ಅವತ್ತು ಸಾಹೇಬ್ರ ಮುಂದ ನೀವು ಪಕ್ಕದ ಗುಂಡಿ ಒತ್ತಿದ್ದು ನೋಡಿದೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವ ಹೇಳ್ತೀರಿ ಅಂತ ಸುಮ್ಮನಿದ್ದೆ," ಎಂದ.

ಜೋಳದ ಪುಟ್ಟಿ ಹೊತ್ತು ಒಬ್ಬ ಹೆಂಗಸು ಬಂದಳು. ಅವನು ಅದನ್ನು ಇಳಿಸಿಕೊಂಡು, ತೂಗಿ, ಮೇಲೆ ಸುರಿದು ಮೋಟಾರು ಹಚ್ಚಿದ. ಗಿರಣಿಯ ಸದ್ದಿನಲ್ಲಿ ಇನ್ನು ಯಾರ ಮಾತೂ ಕೇಳುವಂತಿರಲಿಲ್ಲ. ನಾನು ಹೊರಡಲೋ ನಿಲ್ಲಲೋ ತಿಳಿಯದೆ ಬಾಗಿಲಲ್ಲಿದ್ದೆ. ಅವನು ಗೋಡೆ ಪಕ್ಕದ ಬೆಂಚಿನ ಮೇಲಿನ ಹಿಟ್ಟನ್ನು ಕೈಯಿಂದ ಒರೆಸಿ, ಕೂರಲು ಸನ್ನೆ ಮಾಡಿದ.